ಅತ್ತಿತಾ?

ಮಾರ್ಚ್ ೧೪, ಕರಾಕೋಲ್

ಮೊನ್ನೆ ಹೆತ್ತೆ. ಮಗಳು ಉಸಿರಾಡಲಿಲ್ಲ. ಇವತ್ತು ಮನೆಗೆ ಬಂದ ಮಸೀದಿಯ ಮುಲ್ಲಾ ಕೇಳಿದ್ದು ಒಂದೇ ಮಾತು: "ಹುಟ್ಟಿದಾಗ ಮಗು ಅತ್ತಿತಾ?" ಅತ್ತಿದ್ದರೆ ಹೆಸರಿಟ್ಟು, ನಮಾಜು ಮಾಡಿ ಮಣ್ಣು ಕೊಡುತ್ತಾರೆ. ಅಳದಿದ್ದರೆ ಬಟ್ಟೆ ಸುತ್ತಿ ಹೂತು ಬರುತ್ತಾರೆ, ಅಷ್ಟೆ.

ನನ್ನ ಗಂಡ ಎಸೆನ್ "ಇಲ್ಲ" ಅಂದ.

ಅವನು ಕಾಲೇಜಿನಲ್ಲಿ ಪಾಠ ಮಾಡುವುದೇ ಇದನ್ನು. ಭೂಮಿಯ ಮೇಲೆ ಮೊದಲ ಸಲ ಬಿಸಿನೀರ ಬುಗ್ಗೆಯ ಕೆಸರು ಯಾವ ಗಳಿಗೆಯಲ್ಲಿ ಜೀವವಾಯಿತು ಅಂತ. ಊಟಕ್ಕೆ ಕೂತರೂ ಅದೇ. "ಕೆಸರಿಗೂ ಜೀವಕ್ಕೂ ನಡುವೆ ಗೆರೆಯೇ ಇಲ್ಲ ಕಣೇ, ಎಳೆಯೋಕೆ ಹೋದವನು ಮೂರ್ಖ." ಕೆಸರಿನ ವಿಷಯದಲ್ಲಿ ಅಷ್ಟೆಲ್ಲ ಅನುಮಾನ ಇದ್ದವನಿಗೆ ಮಗಳ ವಿಷಯದಲ್ಲಿ ಒಂದು ಚೂರೂ ಅನುಮಾನ ಬರಲಿಲ್ಲ.

ಅತ್ತೆ ಅವನನ್ನು ಅಡುಗೆಮನೆಗೆ ಕರೆದರು. "ಅತ್ತಳು ಅಂದಿದ್ದರೆ ನಿನ್ನ ಗಂಟೇನು ಹೋಗ್ತಿತ್ತೋ?"

"ಸುಳ್ಳು ಹೇಳ್ಲಾ ಅಮ್ಮಾ?"

"ಬಂದ್ಬಿಟ್ಟ, ದೊಡ್ಡ ಸತ್ಯವಂತ."

ಆಮೇಲೆ ಯಾರನ್ನೂ ಕೇಳದೆ ಎಣ್ಣೆ ಕಾಯಿಸಿ ರೊಟ್ಟಿ ಕರಿದರು. ಸತ್ತವರಿಗೆ ಆ ವಾಸನೆ ಮುಟ್ಟಬೇಕಲ್ಲ. ಮಗಳು ಬದುಕಿಯೇ ಇರಲಿಲ್ಲ ಅಂದವನ ಹಾಸಿಗೆಯಲ್ಲೂ ಈಗ ಅದೇ ವಾಸನೆ. ಪಕ್ಕದಲ್ಲೇ ಮಲಗಿದ್ದಾನೆ, ನಿದ್ದೆಯೂ ಬಂದಿದೆ.

ಹೆಂಗಸರು ಮಣ್ಣಿಗೆ ಹೋಗುವಂತಿಲ್ಲ, ಸರಿ. ಮುಲ್ಲಾ ಕೇಳುವಾಗ ಮಾತಿಗೂ ನನ್ನನ್ನು ಕರೆಯಲಿಲ್ಲ. ಹೋದ ವಾರವೆಲ್ಲ ನಾನು ಮಲಗಿದ ಕೂಡಲೇ ಹೊಟ್ಟೆಯೊಳಗೆ ಮಗಳಿಗೆ ಬಿಕ್ಕಳಿಕೆ ಬರುತ್ತಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಾನು ನೀರು ಕುಡಿಯುತ್ತಿದ್ದೆ, ಅವಳಿಗೆ ನಿಲ್ಲಲಿ ಅಂತ. ನಿಲ್ಲುತ್ತಿತ್ತು ಕೂಡ. ಯಾರಾದರೂ ನನ್ನನ್ನು ಒಂದು ಮಾತು ಕೇಳಿದ್ದರೆ, ಅಳಲಿಲ್ಲ, ಆದರೆ ಬಿಕ್ಕಿದ್ದಳು ಅನ್ನುತ್ತಿದ್ದೆ.