ಗೋಡೆಗೊಂದು ಮೊಳೆ

ಅಪ್ಪನಿಗೆ,

ಕಾಲೇಜಿನಲ್ಲಿ ಡಯಾಸ್ಪೊರಾ ಅಧ್ಯಯನ ಅಂತ ಹೊಸ ವಿಷಯ ಶುರುವಾಗಿದೆ. ಹುಟ್ಟೂರು ಬಿಟ್ಟು ಪರದೇಶದಲ್ಲಿ ನೆಲೆಸಿದವರ ಬಗ್ಗೆ ಓದುವುದು, ಅಂದರೆ ನಮ್ಮ ಬಗ್ಗೆಯೇ. ಮೊದಲ ದಿನವೇ ಮೇಡಂ ನಮ್ಮ ನಮ್ಮ ಮನೆಯಿಂದ ಒಂದು ಉದಾಹರಣೆ ಕೇಳಿದರು. ನಾನು ನಿಮ್ಮನ್ನೇ ಹೇಳಿಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡಿ. ಕಂಡವರ ಗೋಡೆಗೆಲ್ಲ ಮೊಳೆ ಹೊಡೆಯುವ ಬಡಗಿ ನೀವು, ನಮ್ಮ ಮನೆ ಗೋಡೆಗೆ ಮಾತ್ರ ಇದುವರೆಗೂ ಒಂದೂ ಹೊಡೆದಿಲ್ಲ. ಕೇಳಿದರೆ, "ಬರೋ ವರ್ಷ ಊರಿಗೆ ಹೋಗ್ತೀವಲ್ಲ, ಸುಮ್ನೆ ಯಾಕೆ ಗೋಡೆ ಹಾಳ್ಮಾಡೋದು?" ಅನ್ನುತ್ತೀರಿ. ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ.

ಭಾನುವಾರ ಬರುತ್ತೇನೆ, ಸುತ್ತಿಗೆ ತೆಗೆದಿಡಿ. ಅಮ್ಮನ ಫೋಟೋ ಇನ್ನೂ ಕುರ್ಚಿಗೆ ಒರಗಿಕೊಂಡೇ ಇದೆ. ಯಾರಾದರೂ ಬಾಗಿಲು ಹಾಕಿದರೆ ಜಾರುತ್ತದೆ. ಬೇಕಾದರೆ ನಾವು ಬರುವ ವರ್ಷವೇ ಊರಿಗೆ ಹೋಗೋಣ. ಅಮ್ಮನನ್ನು ಇಲ್ಲೇ ಮಣ್ಣು ಮಾಡಿದ್ದೇವೆ, ಅವಳೆಲ್ಲಿಗೂ ಬರುವುದಿಲ್ಲ. ಅವಳ ಫೋಟೋಗಾದರೂ ಒಂದು ಮೊಳೆ ಹೊಡೆಯಿರಿ.

ನಿಮ್ಮ ಮಗಳು