ಬಾಗಿಲಲ್ಲಿ ಹತ್ತನೇ ನಂಬರಿನ ಶೂ

ಜೂನ್ 2, ಸೋಮವಾರ

ಅಂಗಡಿಯಲ್ಲಿ ಇವತ್ತು ಬರೀ ಪ್ಯಾಂಟಿನ ಕಾಲು ಮಡಿಸುವ ಕೆಲಸ. ಜೊತೆಗೆ ಒಂದು ಜಿಪ್. ಜಿಪ್ಪಿನವರು ಪರದೆ ಹಿಂದೆ ಟವೆಲ್ ಸುತ್ತಿಕೊಂಡು ಕಾದರು. ಉಟ್ಟಬಟ್ಟೆಯಲ್ಲೇ ರಿಪೇರಿಗೆ ಬರುವವರಿಗೆಂದೇ ಆ ಟವೆಲ್ ಇಟ್ಟಿದ್ದೇನೆ.

ಮನೆಗೆ ಬಂದರೆ ಮೆಟ್ಟಿಲ ತುಂಬ ಜನ. ಕೆಳಗಿನ ಮ್ಯಾನೇಜರ್ ಮನೆಯಲ್ಲಿ ಕಳ್ಳತನ. ಹಾಡಹಗಲು. ಅಡುಗೆಮನೆ ಕಿಟಕಿಯಿಂದ ಇಳಿದಿದ್ದಾರೆ. ಲ್ಯಾಪ್‌ಟಾಪ್, ವಾಚು, ಮತ್ತೆ ಕುಕ್ಕರ್. ಕುಕ್ಕರ್ ಯಾಕೆ ಅಂತ ಪೊಲೀಸಿನವರಿಗೂ ಅರ್ಥವಾಗಲಿಲ್ಲ.

ಪೊಲೀಸ್ ಮೇಲೆ ನನ್ನ ಮನೆಗೂ ಬಂದ.

"ನೀವೊಬ್ರೇನಾ ಇರೋದು?"

"ಹೌದು."

"ಹಾಗಂತ ಎಲ್ರಿಗೂ ಹೇಳ್ಬೇಡಿ."

"ನೀವು ಕೇಳಿದ್ರಿ, ಹೇಳಿದೆ."

ತಲೆ ಕೆರೆದುಕೊಂಡ. "ಬಾಗಿಲ ಹೊರಗೆ ಒಂದು ಜೊತೆ ಗಂಡಸರ ಶೂ ಇಡಿ. ಎದುರುಮನೆಯವರ ಬಾಗ್ಲು ನೋಡಿ, ಹಾಗೆ."

ಎದುರುಮನೆ ಅಂದರೆ ಟೈಪಿಸ್ಟ್ ಮನೆ. ಆಕೆಗೆ ಗಂಡ ಇದ್ದಾನೆ, ಶೂ ಇದೆ. ನನಗೆ ಇಲ್ಲದ ಗಂಡನಿಗೆ ನಾನೆಲ್ಲಿಂದ ಶೂ ತರಲಿ...


ಜೂನ್ 3

ನಿರೀಕ್ಷಿಸಿದಂತೆ ಅಣ್ಣನ ಫೋನು. ಸುದ್ದಿ ಅವನಿಗೆ ಹೇಗೆ ಮುಟ್ಟಿತೋ. ನಮ್ಮ ಬಿಲ್ಡಿಂಗಿನ ಸೆಕ್ರೆಟರಿಗೆ ಬೇರೆ ಕೆಲಸವಿಲ್ಲ.

"ಪುಟ್ಟೀ, ಸಾಕು ಇನ್ನು. ನಮ್ಮನೆ ಮೇಲಿನ ರೂಮು ಖಾಲಿ ಬಿದ್ದಿದೆ. ಆ ಮನೆ ಮಾರಿ ಬಂದ್ಬಿಡು."

ಐವತ್ತೆರಡಾಯಿತು. ಇನ್ನೂ ಪುಟ್ಟಿ.

ಇದು ಅಮ್ಮನ ಮನೆ. ಇಬ್ಬರ ಹೆಸರಲ್ಲಿದೆ. ನನ್ನ ಸಹಿ ಇಲ್ಲದೆ ಅವನು ಮಾರುವಂತಿಲ್ಲ. ಆದರೆ ಅಣ್ಣ ಜಗಳ ಮಾಡುವುದಿಲ್ಲ, ಪ್ರೀತಿಯಿಂದ ಪೀಡಿಸುತ್ತಾನೆ. ಅದರ ವಿರುದ್ಧ ಯಾವ ಕೋರ್ಟಿಗೆ ಹೋಗುವುದು?

ಕೊನೆಗೆ ಒಪ್ಪಂದ. 29ನೇ ತಾರೀಕು ಭಾನುವಾರ ಬಂದು ನೋಡುತ್ತಾನಂತೆ. ಮನೆ ಭದ್ರವಾಗಿದೆ ಅನ್ನಿಸಿದರೆ ಇನ್ನು ಈ ಮಾತೇ ಎತ್ತುವುದಿಲ್ಲ. ಅನ್ನಿಸದಿದ್ದರೆ ನಾನು ಗಂಟುಮೂಟೆ ಕಟ್ಟಬೇಕು. ಫೋನು ಇಟ್ಟರೆ ಸಾಕಾಗಿತ್ತು, ಹ್ಞೂಂ ಅಂದುಬಿಟ್ಟೆ. 

ಅತ್ತಿಗೆ ಒಳ್ಳೆಯವಳೇ. ಆದರೆ ಅಲ್ಲಿ ನಾನು ನೆಂಟಳು. ಇಲ್ಲಿ ಬೆಳಿಗ್ಗೆ ಎದ್ದು, ಯಾರೊಂದಿಗೂ ಮಾತಾಡದೆ, ಕಿಟಕಿ ಪಕ್ಕ ಕೂತು ಕಾಫಿ ಕುಡಿಯುತ್ತೇನೆ. ಅದನ್ನು ಬಿಟ್ಟುಕೊಡಲಾರೆ.


ಜೂನ್ 5

ಬೀಗದವನು ಬಂದಿದ್ದ. ಬಾಯಿ ಬಿಟ್ಟರೆ ಹೆದರಿಸುವ ಮಾತು. ನನ್ನ ಹಳೇ ಬೀಗ ನೋಡಿ ನಕ್ಕ. "ಮೇಡಂ, ಇದಕ್ಕೆ ಕಳ್ಳ ಬೇಡ, ಗಾಳಿ ಸಾಕು."

ಬೆರಳಚ್ಚಿನ ಬೀಗ ತೋರಿಸಿದ. ಸೂಜಿ ಚುಚ್ಚಿ ಚುಚ್ಚಿ ನನ್ನ ಬೆರಳಲ್ಲಿ ಅಚ್ಚು ಉಳಿದಿದ್ದರೆ ತಾನೇ. ನಾಲ್ಕು ಸಲ ಒತ್ತಿದರೂ ಅದು ನನ್ನನ್ನು ಒಪ್ಪಲಿಲ್ಲ. ನನ್ನದೇ ಮನೆಯಿಂದ ನನ್ನನ್ನೇ ಹೊರಗಿಡುವ ಬೀಗ ಬೇಡ ಅಂದೆ.

ಕೊನೆಗೆ ಮೂರು ಬೋಲ್ಟಿನದು. ಚೌಕಟ್ಟಿಗೆ ಉದ್ದನೆಯ ಸ್ಕ್ರೂ. ಬಚ್ಚಲಿನ ಕಿಟಕಿ ಪಕ್ಕದಲ್ಲೇ ಪೈಪು ಹೋಗಿದೆ, ಅಲ್ಲಿಗೆ ಕಬ್ಬಿಣದ ಗ್ರಿಲ್. ಬೀಗ ತಿರುಗಿಸಿದಾಗ ಬರುವ ಸದ್ದು ಚೆನ್ನಾಗಿದೆ. ಸುಮ್ಮನೆ ಎರಡು ಸಲ ತಿರುಗಿಸಿದೆ.


ಜೂನ್ 8, ಭಾನುವಾರ

ಅಣ್ಣ ಕ್ಯಾಮೆರಾ ಕಳಿಸಿದ್ದಾನೆ. ಬಾಗಿಲ ಮೇಲೆ ಕೂರಿಸಿಯೂ ಹೋದರು. ಫೋನಿನಲ್ಲಿ ನೋಡಬಹುದು.

"ನನ್ ಫೋನಿಗೂ ಬರೋ ಹಾಗೆ ಮಾಡ್ಕೋತೀನಿ ಕಣೇ. ನೀನು ಎಷ್ಟೊತ್ತಿಗೆ ಬಂದೆ, ಹೋದೆ ಅಂತ ಗೊತ್ತಾದ್ರೆ ನಂಗೂ ಸಮಾಧಾನ."

ಅವನಿಗೆ ಸಮಾಧಾನ. ನನಗೆ ಮೈಯೆಲ್ಲ ಉರಿ.


ಜೂನ್ 10

ಎರಡು ದಿನ ಅಂಗಡಿಯಲ್ಲಿ ಕೂತು ನನ್ನ ಬಾಗಿಲನ್ನೇ ನೋಡಿದೆ. ಬಾಗಿಲು. ಬಾಗಿಲು. ಬೆಕ್ಕು. ಬಾಗಿಲು. ಇದರ ನಡುವೆ ಒಬ್ಬರ ಪ್ಯಾಂಟಿನ ಒಂದೇ ಕಾಲನ್ನು ಎರಡು ಸಲ ಮೊಟಕು ಮಾಡಿದೆ. ಇಷ್ಟು ವರ್ಷದ ಕೆಲಸದಲ್ಲಿ ಇದೇ ಮೊದಲು. ಹಾಕಿಕೊಂಡು ಕನ್ನಡಿ ಮುಂದೆ ನಿಂತರು ಪಾಪ. ಒಂದು ಕಾಲು ಆಫೀಸಿಗೆ, ಇನ್ನೊಂದು ಕಾಲು ಮೀನು ಹಿಡಿಯಲು ಹೊರಟಂತಿತ್ತು. ಬೈದಿದ್ದರೆ ವಾಸಿ. ಬೈಯಲಿಲ್ಲ, ನಾಚಿಕೆಯಾಯಿತು.

ಕ್ಯಾಮೆರಾ ಬಿಚ್ಚಿಸಿದೆ. ಕಣ್ಣು ನೋವು ಅಂತ ಅಣ್ಣನಿಗೆ ಹೇಳಿದ್ದೇನೆ.


ಜೂನ್ 11

ನಾಯಿ ಬೊಗಳುವ ಬೆಲ್ ತಂದೆ. ಯಾರಾದರೂ ಒತ್ತಿದರೆ ಒಳಗೆ ದೊಡ್ಡ ನಾಯಿ ಇದ್ದ ಹಾಗೆ ಸದ್ದು. ಸಂಜೆಯೊಳಗೆ ಸೆಕ್ರೆಟರಿ ಬಂದ. "ನಾಯಿ ಸಾಕೋ ಹಾಗಿಲ್ಲ ಈ ಬಿಲ್ಡಿಂಗಲ್ಲಿ." ನಾಯಿಯಿಲ್ಲ ಅಂದರೂ ನಂಬಲಿಲ್ಲ. ಮಂಚದ ಕೆಳಗೆಲ್ಲ ಬಗ್ಗಿ ನೋಡಿದ. ಎದುರುಮನೆ ಟೈಪಿಸ್ಟೂ ಮೆಲ್ಲಗೆ ಬಂದು, "ಅಕ್ಕಾ, ನಮ್ಮವರಿಗೆ ನೈಟ್ ಡ್ಯೂಟಿ. ಹಗಲು ಮಲಗಿರ್ತಾರೆ," ಅಂದಳು. ಆಕೆ ಬಂದು ಒಂದು ವರ್ಷವಾಯಿತು, ಯಾವಾಗಲೂ ಪಿಸುಮಾತು. ಅವಳ ಮನೆ ಬೆಲ್ ಯಾರೂ ಒತ್ತುವಂತಿಲ್ಲ. ಗಂಡನ ಮುಖ ನಾನಿನ್ನೂ ನೋಡಿಲ್ಲ.

ನಾಯಿಯನ್ನು ತೆಗೆದು ಹಳೇ ಬೆಲ್ಲನ್ನೇ ಹಾಕಿದೆ.


ಜೂನ್ 12

ಪೊಲೀಸ್ ಹೇಳಿದ್ದೇ ಸರಿ. ಶೂ ರಿಪೇರಿಯವನ ಹತ್ತಿರ ಹಳೇ ಶೂ ಕೇಳಿದೆ.

"ಎಷ್ಟನೇ ನಂಬರು?"

ನಂಬರು ನನಗೇನು ಗೊತ್ತು. ನನಗೆ ಗೊತ್ತಿರುವ ಲೆಕ್ಕದಲ್ಲೇ ಹೇಳಿದೆ. "ಪ್ಯಾಂಟಿನ ಉದ್ದ ನಲವತ್ತೆರಡು. ಸೊಂಟ ಮೂವತ್ತಾರು."

"ಭಾರಿ ಆಳು. ಹತ್ತು ಬೇಕಾಗುತ್ತೆ. ಕರ್ಕೊಂಡು ಬಂದಿದ್ರೆ ಹಾಕಿ ನೋಡ್ಬಹುದಿತ್ತು."

"ಅವರಿಗೆ ಪುರುಸೊತ್ತಿಲ್ಲ," ಅಂದೆ. ಎಷ್ಟು ಸಲೀಸಾಗಿ ಬಂತು ಮಾತು. ದಾರಿಯುದ್ದಕ್ಕೂ ಒಬ್ಬಳೇ ನಕ್ಕೆ.


ಜೂನ್ 17

ಶೂ ಇಟ್ಟು ಐದು ದಿನ. ಟೈಪಿಸ್ಟ್ ಮೆಟ್ಟಿಲಲ್ಲಿ ಸಿಕ್ಕಳು. ಶೂ ನೋಡಿದಳು, ನನ್ನನ್ನು ನೋಡಿದಳು. "ಒಳ್ಳೇದಾಯ್ತಕ್ಕ," ಅಂದು ಒಳಗೆ ಹೋದಳು. ಏನು ಒಳ್ಳೆಯದಾಯಿತೋ.

ಆದರೆ ಒಂದು ತೊಂದರೆ. ಅವಳ ಗಂಡನ ಶೂ ನೋಡಿದರೆ ಮನುಷ್ಯ ಇದ್ದಾನೆ ಅಂತ ಗೊತ್ತಾಗುತ್ತದೆ. ಇವತ್ತು ಒಂದು ಬೋರಲು, ನಿನ್ನೆ ಎರಡೂ ಗೋಡೆಗೆ ಒರಗಿದ್ದವು, ಅಡಿಯಲ್ಲಿ ಹಸಿ ಮಣ್ಣು. ನನ್ನವು ಅಂಗಡಿಯ ಗಾಜಿನೊಳಗಿದ್ದಂತೆ ನೆಟ್ಟಗೆ ನಿಂತಿವೆ. ಕಳ್ಳನೇನು ದಡ್ಡನೇ?

ಬೆಳಿಗ್ಗೆ ಒಂದನ್ನು ಓರೆ ಮಾಡಿ ಇಳಿದೆ. ಕೆಳಗಿನ ಮಹಡಿಯವರೆಗೂ ಹೋಗಿ ವಾಪಸು ಬಂದು ನೆಟ್ಟಗೆ ಮಾಡಿದೆ. ಕೈ ಕೇಳುವುದಿಲ್ಲ.


ಜೂನ್ 19

ಗೆದ್ದೆ. ಒಂದನ್ನು ಬಾಗಿಲಿನ ಮುಂದೆ, ಇನ್ನೊಂದನ್ನು ಮೆಟ್ಟಿಲ ಹತ್ತಿರ ಬಿಟ್ಟು ಹೋದೆ. ಸಂಜೆ ಬಂದಾಗ ಮರೆತೇ ಹೋಗಿತ್ತು, ಎಡವಿದೆ. "ಒಂದು ಕಡೆ ಬಿಡೋಕೆ ಏನು ರೋಗ?" ಅಂತ ಗಟ್ಟಿಯಾಗಿ ಬೈದೆ. ಯಾರಿಗೆ ಬೈದೆ ಅಂತ ಹೊಳೆದದ್ದು ಆಮೇಲೆ.


ಜೂನ್ 21

ಅಣ್ಣ. ದನಿ ಬದಲಾಗಿದೆ.

"ಪುಟ್ಟಿ... ಸೆಕ್ರೆಟರಿ ಏನೋ ಹೇಳ್ದ. ಶೂ ವಿಷ್ಯ."

"ಕಳ್ಳರನ್ನ ಹೆದರಿಸೋಕೆ ಇಟ್ಟಿದೀನಿ ಅಷ್ಟೆ."

"ಹ್ಞಾಂ ಹ್ಞಾಂ. ನಾನೇನೂ ಕೇಳ್ಲಿಲ್ವಲ್ಲ. ನಂಗೊಂದು ಮಾತು ಹೇಳ್ಬಹುದಿತ್ತು, ಅಷ್ಟೇ. ಮುಂದಿನ ಭಾನುವಾರ ಬರ್ತೀನಿ."

ನಿಜ ಹೇಳಿದರೆ ನಂಬುವುದಿಲ್ಲ. ನನಗೂ ಎರಡನೇ ಸಲ ಹೇಳುವ ಮನಸ್ಸಾಗಲಿಲ್ಲ.


ಜೂನ್ 27, ಶುಕ್ರವಾರ

ಶೂ ಇಲ್ಲ.

ಬೀಗ ಹಾಗೇ ಇದೆ. ಗ್ರಿಲ್ ಹಾಗೇ ಇದೆ. ಮನೆಯಲ್ಲಿ ಒಂದು ಸೂಜಿ ಕದಲಿಲ್ಲ. ಕಳ್ಳನನ್ನು ಹೆದರಿಸಲು ಇಟ್ಟಿದ್ದನ್ನೇ ಕಳ್ಳ ಹೊತ್ತುಕೊಂಡು ಹೋಗಿದ್ದಾನೆ. ಎದುರುಮನೆಯ ಕೊಳಕು ಶೂ ಮುಟ್ಟಿಲ್ಲ. ನನ್ನವನ್ನೇ ಯಾಕೆ? ಯಾಕೆಂದರೆ ಅಣ್ಣ ಬರುತ್ತಾನೆ ಅಂತ ಬೆಳಿಗ್ಗೆ ಅದಕ್ಕೆ ಪಾಲಿಶ್ ಹಾಕಿದ್ದೆ. ಹೊಸ ಲೇಸು ಬೇರೆ. ತಡೆಯಲಾಗಲಿಲ್ಲ. ನನ್ನ ಕೈಗೆ ಬುದ್ಧಿ ಯಾವಾಗ ಬರುತ್ತದೋ.

ನಾಡಿದ್ದು ಅಣ್ಣ. ಕಳ್ಳ ನನ್ನ ಹೊಸ್ತಿಲವರೆಗೆ ಬಂದು ಹೋದ ಅಂತ ಹೇಳಿದರೆ ಮುಗಿಯಿತು. ಮೇಲಿನ ರೂಮು. ನೆಂಟಳ ಕಾಫಿ.

ಅಳು ಬಂತು. ಮನೆಗಾಗಿ ಅತ್ತೆನೋ ಶೂಗಾಗಿ ಅತ್ತೆನೋ, ನಿಜವಾಗಿ ಗೊತ್ತಿಲ್ಲ.


ಜೂನ್ 28, ಸಂಜೆ

ಅಂಗಡಿಯಿಂದ ಬಂದು ಮೆಟ್ಟಿಲ ಮೇಲೆ ಕೂತಿದ್ದೆ. ಒಳಗೆ ಹೋಗುವ ಮನಸ್ಸಿರಲಿಲ್ಲ. ಟೈಪಿಸ್ಟ್ ಬಂದಳು.

"ಶೂ ಎಲ್ಲಕ್ಕ? ನಿಮ್ಮವರು ಹೊರಟ್ಹೋದ್ರಾ?"

"ಕದ್ಕೊಂಡು ಹೋದ್ರು."

"ನಿಮ್ಮವರನ್ನಾ?"

"ಶೂನ. ನಮ್ಮವರು ಅಂತ ಯಾರೂ ಇಲ್ಲ. ಬರೀ ಶೂ."

ಹೇಳಿಬಿಟ್ಟೆ. ಅವಳು ನಗತೊಡಗಿದಳು. ಪಿಸುಮಾತಿನವಳು ಬಿದ್ದುಬಿದ್ದು ನಗುತ್ತಾಳೆ. ಸಿಟ್ಟು ಬಂತು. "ಮೆಲ್ಲಗೆ. ನಿಮ್ಮವರು ಮಲಗಿರ್ತಾರೆ," ಅಂದೆ.

ಅವಳು ಕಣ್ಣೊರೆಸಿಕೊಂಡು ತನ್ನ ಬಾಗಿಲು ಪೂರ್ತಿ ತೆರೆದಳು. ಒಂದು ವರ್ಷದಲ್ಲಿ ಮೊದಲ ಸಲ. ಒಳಗೆ ಒಂದು ಮಂಚ, ಒಂದು ಕುರ್ಚಿ, ತೊಳೆದು ಕವಿಚಿಟ್ಟ ಒಂದು ಲೋಟ.

"ಯಾರೂ ಮಲಗಿಲ್ಲ ಅಕ್ಕ."

ಬಾಡಿಗೆಗೆ ಬಂದ ಮೊದಲ ದಿನವೇ ಶೂ ಇಟ್ಟಳಂತೆ. ದಿನಾ ಬೆಳಿಗ್ಗೆ ಹೊರಡುವಾಗ ಕಾಲಲ್ಲಿ ಒಂದು ಒದೆ. ವಾರಕ್ಕೊಮ್ಮೆ ಹೂಕುಂಡದ ಮಣ್ಣು ಮೆತ್ತುವುದು. ಯಾರೂ ಬಂದು ಗಂಡನನ್ನು ಕೇಳಬಾರದೆಂದು ನೈಟ್ ಡ್ಯೂಟಿ.

"ನಿಮ್ಮವರ ಶೂ ನೋಡಿ ಹೊಟ್ಟೆಕಿಚ್ಚಾಗಿತ್ತು ನಂಗೆ," ಅಂದಳು. "ಎಷ್ಟು ನೀಟು ಮನುಷ್ಯ ಅಂತ."

ನನ್ನ ಹೊಟ್ಟೆಯೂ ನೋಯುವಷ್ಟು ನಕ್ಕೆ. ಅವಳ ಹತ್ತಿರ ಇನ್ನೊಂದು ಜೊತೆ ಇತ್ತು. ಬದಲಾಯಿಸಲು ಇಟ್ಟುಕೊಂಡದ್ದು. ತಂದು ನನ್ನ ಬಾಗಿಲಲ್ಲಿ ಇಟ್ಟು, ತಾನೇ ಒಂದು ಒದೆ ಕೊಟ್ಟಳು. ಹೋಗುವಾಗ ಅಂದಳು, "ಏನಾದ್ರೂ ಸದ್ದು ಕೇಳಿದ್ರೆ ನಾನು ಬರ್ತೀನಿ. ನಂಗೆ ಕೇಳಿದ್ರೆ ನೀವು ಬನ್ನಿ."


ಜೂನ್ 29, ಭಾನುವಾರ

ಅಣ್ಣ ಬಂದು ಹೋದ. ಈಗಷ್ಟೇ.

ಇಸ್ತ್ರಿ ಶರ್ಟು, ಕ್ರಾಪು ತೀಡಿ, ಕೈಯಲ್ಲಿ ಹಣ್ಣಿನ ಬುಟ್ಟಿ. ಹೊರಗೆ ತನ್ನ ಶೂ ಬಿಚ್ಚಿ ಆ ಇನ್ನೊಂದು ಜೊತೆಯ ಪಕ್ಕ ಇಟ್ಟ. ಒಳಗೆ ಬಂದು ರೂಮಿನ ಕಡೆ ನೋಡಿ, ದನಿ ತಗ್ಗಿಸಿ, "ಅವರಿಲ್ವಾ?" ಅಂದ. ಬಹುವಚನ.

ಸುಳ್ಳು ಹೇಳಬಹುದಿತ್ತು. ನೈಟ್ ಡ್ಯೂಟಿ ಅನ್ನಬಹುದಿತ್ತು. ಆದರೆ ಅಣ್ಣ ಆ ಬುಟ್ಟಿ ಹಿಡಿದು ನಿಂತ ರೀತಿ ನೋಡಿ ಆಗಲಿಲ್ಲ. ಎಲ್ಲ ಹೇಳಿದೆ. ಹತ್ತನೇ ನಂಬರು, ಪಾಲಿಶು, ಕಳುವು. ಟೈಪಿಸ್ಟಿನ ಗುಟ್ಟು ಮಾತ್ರ ಹೇಳಲಿಲ್ಲ, ಸಾಲ ತಂದ ಶೂ ಅಂದೆ.

ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ಮುಖ ಸಣ್ಣದಾಯಿತು. "ನಿಮ್ಮತ್ತಿಗೆಗೆ ಹೇಳ್ಬಿಟ್ಟಿದ್ದೆ ಕಣೇ. ಹಣ್ಣು ಅವಳೇ ಕಳ್ಸಿದ್ದು." ಬುಟ್ಟಿ ಕೆಳಗಿಟ್ಟು ಕೂತ. ಆಮೇಲೆ ಎದ್ದ. "ಕಳ್ಳ ಬಾಗಿಲವರೆಗೂ ಬಂದಿದಾನೆ ಅಂದ್ರೆ ನಾನೇನು ಹೇಳ್ಬೇಕು ನೀನೇ ಹೇಳು. ಮಾತು ಅಂದ್ರೆ ಮಾತು."

"ಬೀಗ ಆದ್ರೂ ನೋಡು."

ಹೊರಗೆ ಹೋಗಿ ನಿಂತ. ನಾನು ಒಳಗಿನಿಂದ ಬೋಲ್ಟು ಹಾಕಿದೆ. ಅವನು ದೂಡಿದ. ಭುಜ ಕೊಟ್ಟು ಗುದ್ದಿದ. ಚೌಕಟ್ಟು ಜಪ್ಪೆನ್ನಲಿಲ್ಲ. ಮೂರನೇ ಗುದ್ದಿಗೆ ಎದುರುಮನೆ ಬಾಗಿಲು ದಡಾರನೆ ತೆರೆಯಿತು.

"ಯಾರ್ರೀ ಅದು? ಕೈ ತೆಗೀರಿ ಬಾಗಿಲಿಂದ."

ನಮ್ಮ ಟೈಪಿಸ್ಟಿನ ದನಿ ಅಂತ ಗುರುತೇ ಸಿಗಲಿಲ್ಲ.

"ನಾನು ಇವಳ ಅಣ್ಣ..."

"ಎಲ್ಲ ಕಳ್ಳರೂ ಅಣ್ಣಂದಿರೇ. ಅಲ್ಲೇ ನಿಂತ್ಕೊಳ್ಳಿ. ಪೊಲೀಸಿಗೆ ಫೋನ್ ಹಚ್ಚಿದೀನಿ."

ಗಾಬರಿಯಲ್ಲಿ ನನಗೆ ಬೋಲ್ಟು ಬೇಗ ತೆಗೆಯಲಾಗಲಿಲ್ಲ. ತೆಗೆದಾಗ ಅಣ್ಣ ಗೋಡೆಗೆ ಅಂಟಿಕೊಂಡು ನಿಂತಿದ್ದ. ಅವಳ ಒಂದು ಕೈಯಲ್ಲಿ ಛತ್ರಿ, ತುದಿ ಅವನ ಹೊಟ್ಟೆಗೆ. ಇನ್ನೊಂದರಲ್ಲಿ ಫೋನು. ಮೇಲಿನಿಂದ ಸೆಕ್ರೆಟರಿ ಇಣುಕುತ್ತಿದ್ದ. ಅವನೇ "ಅಣ್ಣಾನೇ ಕಣ್ರೀ" ಅಂತ ಸಾಕ್ಷಿ ಹೇಳಿದ ಮೇಲೆ ಛತ್ರಿ ಇಳಿಯಿತು.

ಅಣ್ಣನಿಗೆ ನೀರು ಕೊಟ್ಟೆ. ಎರಡು ಲೋಟ ಕುಡಿದ. "ಈಕೆ ದಿನಾ ಇರ್ತಾರಾ?" ಅಂದ.

"ಎದುರುಮನೆ. ಇನ್ನೆಲ್ಲಿಗೆ ಹೋಗ್ತಾರೆ."

ಸ್ವಲ್ಪ ಹೊತ್ತು ಬೀಗವನ್ನು ನೋಡಿದ, ಹೊಟ್ಟೆ ಸವರಿಕೊಂಡ. "ಸರಿ," ಅಂದ. ಅಷ್ಟೇ. ಮೇಲಿನ ರೂಮಿನ ಮಾತಿಲ್ಲ. 

ಹೊರಡುವಾಗ ನನ್ನ ಬಚ್ಚಲಿನ ಹವಾಯಿ ಚಪ್ಪಲಿ ಮೆಟ್ಟಿಕೊಂಡ. ಹಿಮ್ಮಡಿ ಅರ್ಧ ಹೊರಗೆ.

"ಅಣ್ಣಾ, ಶೂ."

"ಇರ್ಲಿ ಅಲ್ಲೇ. ಸಾಲ ತಂದಿದ್ದು ವಾಪಸ್ ಕೊಡು. ಒಂದೇ ಜೊತೆ ಇದ್ರೆ ಕಳ್ಳನಿಗೆ ಗೊತ್ತಾಗುತ್ತೆ, ಭಾನುವಾರ ಭಾನುವಾರ ಬಂದು ಬದಲಾಯಿಸ್ತೀನಿ." ಎರಡು ಮೆಟ್ಟಿಲಿಳಿದು ತಿರುಗಿದ. "ಪಾಲಿಶ್ ಹಾಕೀಯ ಮತ್ತೆ."

ಕಿಟಕಿಯಿಂದ ನೋಡಿದೆ. ಇಸ್ತ್ರಿ ಶರ್ಟು, ಗುಲಾಬಿ ಚಪ್ಪಲಿ. ಕಾರಿನವರೆಗೂ ತಲೆಯೆತ್ತಿಕೊಂಡೇ ನಡೆದ. 

ಅಣ್ಣನದು ಎಂಟನೇ ನಂಬರು. ನನ್ನ ಮನೆಯ ಗಂಡಸು ವಾರದಲ್ಲಿ ಎರಡು ನಂಬರು ಇಳಿದಿದ್ದಾನೆ.


ಜೂನ್ 30, ಬೆಳಿಗ್ಗೆ

ಶೂ ಅಣ್ಣ ಬಿಟ್ಟ ಹಾಗೇ ಇದೆ. ಒಂದು ನೆಟ್ಟಗೆ, ಒಂದು ಮಗ್ಗುಲಾಗಿ, ಒಳಗೆ ತುರುಕಿದ ಸಾಕ್ಸು. ಕೈ ತುರಿಸುತ್ತಿದೆ. ಮುಟ್ಟಿಲ್ಲ.

ಕಾಫಿಗೆ ನೀರಿಟ್ಟಿದ್ದೇನೆ. ಇವತ್ತು ಎರಡು ಲೋಟ. ಟೈಪಿಸ್ಟನ್ನು ಕರೆದಿದ್ದೇನೆ. ಬಂದು ಬೆಲ್ ಒತ್ತು ಅಂದಿದ್ದೇನೆ, ಈ ಮಹಡಿಯಲ್ಲಿ ಮಲಗಿರುವವರು ಯಾರೂ ಇಲ್ಲವಲ್ಲ. ಒಂದೇ ಷರತ್ತು. ಲೋಟ ಖಾಲಿಯಾಗುವವರೆಗೆ ಮಾತಾಡಬಾರದು, ಕಿಟಕಿ ಪಕ್ಕ ಸುಮ್ಮನೆ ಕೂತು

ಬೆಲ್—