ಅಪ್ಪನ ಹೆಸರಿನ ದಂತ

ಲೂಕನ್, ಡಬ್ಲಿನ್
೧೪ ಅಕ್ಟೋಬರ್ ೨೦೨೫, ಮಂಗಳವಾರ

ಪ್ರೀತಿಯ ಸಾವಿತ್ರಕ್ಕನಿಗೆ ಸತ್ಯನ ನಮಸ್ಕಾರಗಳು.

ನಾವು ಮೂವರೂ ಆರೋಗ್ಯವಾಗಿದ್ದೇವೆ. ನಿನ್ನ ಮಂಡಿನೋವು ಹೇಗಿದೆ? ತುಮಕೂರಿನಲ್ಲಿ ಮಳೆ ಕಡಿಮೆಯಾದ ಮೇಲೆ ಸ್ವಲ್ಪ ಹಗುರವಾಗಿರಬಹುದು ಎಂದುಕೊಂಡಿದ್ದೇನೆ. ಆದರ್ಶನ ಫೋನಿನಿಂದ ನೀನು ಕೇಳಿದ ಮಾತಿಗೆ ಮೂರು ವಾರವಾದರೂ ನಾನು ಉತ್ತರ ಕೊಡಲಿಲ್ಲ. ತಪ್ಪಾಯಿತು. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಸರಿಯಾಗಿ ಕೇಳಿಸುವುದಿಲ್ಲ, ನಿನ್ನ ಮಗ ಆದರ್ಶ ಸ್ಪೀಕರ್ ಹಾಕುತ್ತಾನೆ, ಮನೆಮಂದಿಗೆಲ್ಲ ಕೇಳಿಸುತ್ತದೆ. ಅದಕ್ಕೆ ಕಾಗದವೇ ಸರಿ ಎನ್ನಿಸಿತು. ಕನ್ನಡದಲ್ಲಿ ಇಷ್ಟುದ್ದ ಬರೆದು ಇಪ್ಪತ್ತು ವರ್ಷವಾಗಿರಬೇಕು. ಅಕ್ಷರ ಸೊಟ್ಟಗಿದ್ದರೆ ನಗಬೇಡ.

‘ಆ ಮನುಷ್ಯನ ಫೋಟೋ ಅಂಗಡಿಯಲ್ಲಿ ಯಾಕೆ ಹಾಕಿಕೊಂಡಿದ್ದೆ’ ಎಂದು ಕೇಳಿದ್ದೆ. ಮಗಳು ತನ್ವಿ ನಿನಗೆ ಫೋನ್ ಮಾಡಿದ್ದು ನನಗೆ ಗೊತ್ತಾಗಿದ್ದು ಆಮೇಲೆ. ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ನಮ್ಮ ವ್ಯಾಪಾರದ ವಿಷಯ ನಿನಗೆ ನಾನು ಸರಿಯಾಗಿ ತಿಳಿಸಿಯೇ ಇಲ್ಲ. ನಾನು ಕೆಲಸಕ್ಕಿದ್ದ ಕಿಟಕಿ ಚೌಕಟ್ಟಿನ ಕಾರ್ಖಾನೆ ಮುಚ್ಚಿದ ಮೇಲೆ ಒಂದು ವರ್ಷ ಮನೆಯಲ್ಲೇ ಇದ್ದೆ. ಹೆಂಡತಿ ವಂದನಾ ಆಸ್ಪತ್ರೆಯ ಡ್ಯೂಟಿಗೆ ಹೋಗುತ್ತಿದ್ದಳು, ನಾನು ಅಡುಗೆ ಮಾಡುತ್ತಿದ್ದೆ. ಒಂದು ದಿನ ತನ್ವಿ ಪೋಸ್ಟಿನಲ್ಲಿ ಬಂದ ಒಂದು ಚೀಲ ಬೀಜವನ್ನು ನನ್ನ ಮುಂದೆ ಸುರಿದಳು. ದಕ್ಷಿಣ ಅಮೆರಿಕದ ಯಾವುದೋ ತಾಳೆಯ ಬೀಜ, ಕೋಳಿಮೊಟ್ಟೆಯಷ್ಟು ದಪ್ಪ. ಮೇಲಿನ ಕಂದು ಸಿಪ್ಪೆ ಉಜ್ಜಿ ತೆಗೆದರೆ ಒಳಗೆ ಬೆಳ್ಳಗಿರುತ್ತದೆ, ಕಲ್ಲಿನಷ್ಟು ಗಟ್ಟಿ. ಗಿಡದ ದಂತ ಎಂದು ಕರೆಯುತ್ತಾರಂತೆ. ಉಳಿ ಇಟ್ಟು ನೋಡಿದೆ. ನಿಜವಾದ ದಂತದಂತೆ ನಯವಾಗಿ ಬಿಟ್ಟುಕೊಡುವುದಿಲ್ಲ, ಪುಡಿ ಪುಡಿಯಾಗುತ್ತದೆ. ಆದರೂ ಕೈ ಕೆಲಸ ಮರೆತಿರಲಿಲ್ಲ.

ಹಾಗೆ ಶುರುವಾಗಿ ಈಗ ಐದು ವರ್ಷ. ಹಿತ್ತಲಿನ ಶೆಡ್ಡಿನಲ್ಲಿ ನಾನು ಕೆತ್ತುತ್ತೇನೆ, ಬೀಜದಲ್ಲೂ ಎತ್ತಿನ ಮೂಳೆಯಲ್ಲೂ. ವಂದನಾ ರಜೆಯ ದಿನ ಉಪ್ಪುಕಾಗದದಲ್ಲಿ ಉಜ್ಜಿ ಹೊಳಪು ಕೊಡುತ್ತಾಳೆ. ತನ್ವಿ ಫೋಟೋ ತೆಗೆದು ಇಂಟರ್‌ನೆಟ್ಟಿಗೆ ಹಾಕುತ್ತಾಳೆ. ಮೈಸೂರಿನ ಮನೆಯಲ್ಲಿ ಅಪ್ಪ ಕೆತ್ತಿ, ನೀನು ಉಜ್ಜಿ, ಅಮ್ಮ ಮಣಿ ಪೋಣಿಸುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಕ್ರಮ. ಭಾನುವಾರ ಡನ್ ಲಿಯರಿಯ ಸಂತೆಯಲ್ಲಿ ಮೇಜು ಹಾಕುತ್ತೇವೆ. ಬಂದರಿನ ಕಟ್ಟೆಯ ಮೇಲೆ ನಾಯಿ ಅಡ್ಡಾಡಿಸಿಕೊಂಡು ಬಂದವರು ಕೈಯಲ್ಲಿ ಕಾಫಿ ಹಿಡಿದು ನಿಂತು ಓಲೆ, ಪದಕ, ಮಣಿಸರ ನೋಡುತ್ತಾರೆ. ಗಾಳಿಗೆ ಮೇಜಿನ ಬಟ್ಟೆ ಹಾರದಂತೆ ನೋಡಿಕೊಳ್ಳುವುದೇ ಒಂದು ಕೆಲಸ.

ವಂದನಾಳ ಡಬ್ಬಿಯಲ್ಲಿ ದಂತದ ಪದಕವೊಂದಿತ್ತು. ಕತ್ತು ಬಾಗಿಸಿದ ಹಂಸ, ಕೊಕ್ಕಿನಲ್ಲಿ ಬಳ್ಳಿ. ಮದುವೆಯಾದ ಹೊಸದರಲ್ಲಿ ಅವಳಿಗೆ ಕೊಟ್ಟಿದ್ದೆ, ಅಪ್ಪ ಮಾಡಿದ್ದು ಎಂದು ಹೇಳಿದ್ದೆ. ತನ್ವಿಗೆ ಅದರ ಮೇಲೆ ಕಣ್ಣು. ಅದನ್ನೇ ನೋಡಿಕೊಂಡು ಬೀಜದಲ್ಲಿ ಮಾಡು ಎಂದಳು, ಮಾಡಿದೆ. ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಹೋಗುವುದು ಅದೇ. ‘ಅಜ್ಜನ ಹಂಸ’ ಎಂದು ಹೆಸರಿಟ್ಟಳು. ಅಪ್ಪನ ಫೋಟೋ ದೊಡ್ಡದು ಮಾಡಿಸಿ ಸ್ಟಾಲಿನ ಹಿಂದೆ ತೂಗುಹಾಕಿದಳು. ದಾರ ಕಟ್ಟಿದ ಕನ್ನಡಕ, ತೊಡೆಯ ಮೇಲೆ ಸಣ್ಣ ಗರಗಸ, ನೀನು ನೋಡಿರುವ ಫೋಟೋನೇ. ಕೆಳಗೆ ‘ಚಾಮರಾಜಾಚಾರ್, ಮೈಸೂರು’ ಎಂದು ಬರೆಸಿದ್ದಳು. ಬಂದವರಿಗೆಲ್ಲ ಇಲ್ಲಿಯವರ ರಾಗದ ಇಂಗ್ಲಿಷಿನಲ್ಲಿ ತಾನು ಎಂದೂ ನೋಡದ ಅಜ್ಜನ ಕಥೆ ಹೇಳುತ್ತಿದ್ದಳು. ನಾನು ಹಿಂದೆ ನಿಂತು ಪೊಟ್ಟಣ ಕಟ್ಟುತ್ತಿದ್ದೆ.

ಸೆಪ್ಟೆಂಬರ್ ಹದಿನಾಲ್ಕರ ಭಾನುವಾರ ಮಳೆಕೋಟು ಹಾಕಿಕೊಂಡ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದಳು. ವನ್ಯಜೀವಿಗಳ ಇಲಾಖೆಯವಳು ಎಂದು ಕಾರ್ಡು ತೋರಿಸಿದಳು. ಇಂಟರ್‌ನೆಟ್ಟಿನ ಪುಟದಲ್ಲಿ ತನ್ವಿ ‘ಮೈಸೂರು ಐವರಿ’ ಎಂದು ಬರೆದಿದ್ದಳಂತೆ. ಐವರಿ ಎಂದರೆ ದಂತವೇ, ಆದರೆ ತನ್ವಿಯ ಲೆಕ್ಕದಲ್ಲಿ ಅದು ಬಣ್ಣದ ಹೆಸರು. ಯಾರೋ ದೂರು ಕೊಟ್ಟಿದ್ದರು. ತನ್ವಿ ಹೆದರಲಿಲ್ಲ, ನೋಡಿ ಎಂದು ಒಂದೊಂದನ್ನೇ ಎತ್ತಿ ಕೊಟ್ಟಳು. ಆಕೆ ಭೂತಗನ್ನಡಿ ಹಿಡಿದು ನಿಧಾನವಾಗಿ ನೋಡಿದಳು. ಬೀಜವಾದರೆ ಒಂದರೊಳಗೊಂದು ಸಣ್ಣ ಸುತ್ತುಗಳಿರುತ್ತವೆ, ಮೂಳೆಯಾದರೆ ಚುಕ್ಕೆಗಳು. ಎಲ್ಲ ಸರಿಯಾಗಿತ್ತು. ಕೊನೆಗೆ ತನ್ವಿಯ ಕತ್ತಿನಲ್ಲಿರುವುದನ್ನು ನೋಡಬಹುದೇ ಎಂದು ಕೇಳಿದಳು.

ಗಿರಾಕಿಗಳಿಗೆ ಮೂಲ ತೋರಿಸಬೇಕೆಂದು ತನ್ವಿ ಅವತ್ತು ತನ್ನ ಅಮ್ಮನ ಪದಕ ಹಾಕಿಕೊಂಡು ಬಂದಿದ್ದಳು. ನಾನು ಗಮನಿಸಿರಲಿಲ್ಲ.

ಆಕೆ ಪದಕ ತಿರುಗಿಸಿ ತಳ ನೋಡಿದಳು. ಬಲೆ ಹೆಣೆದಂತೆ ಒಂದನ್ನೊಂದು ದಾಟುವ ಗೆರೆಗಳು. ಅದು ಆನೆಯ ದಂತದಲ್ಲಿ ಬಿಟ್ಟು ಬೇರೆ ಯಾವುದರಲ್ಲೂ ಇರುವುದಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಇದು ಏನೆಂದು ನಿಮಗೆ ಗೊತ್ತಿರಬೇಕು ಎಂದಳು. ಗೊತ್ತು ಎಂದೆ. ಯಾರು ಮಾಡಿದ್ದು ಎಂದು ಕೇಳಿದಳು. “ನನ್ನ ತಂದೆ, ತುಂಬಾ ಹಿಂದೆ” ಎಂದೆ.

ಕಾಗದಪತ್ರ ಏನೂ ಇರಲಿಲ್ಲ. ಪದಕವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ರಸೀದಿ ಬರೆದು, ನನ್ನ ಸಹಿ ತೆಗೆದುಕೊಂಡಳು. ಕೆಟ್ಟದಾಗಿ ಒಂದು ಮಾತೂ ಆಡಲಿಲ್ಲ. ಪಕ್ಕದಲ್ಲಿ ನೀರುದೋಸೆ ಮಾರುವ ಉಡುಪಿಯ ಫ್ರಾನ್ಸಿಸ್ ಆಮೇಲೆ ಬಂದು, “ಗ್ರ್ಯಾಂಡ್ ಆಗ್ತದೆ ಬಿಡಿ ಸತ್ಯಣ್ಣ, ಇವ್ರು ಕೇಸ್‌ಗೀಸ್ ಹಾಕೂದಿಲ್ಲ” ಎಂದ. ಇಲ್ಲಿಯವರ ಮಾತಿನಲ್ಲಿ ಗ್ರ್ಯಾಂಡ್ ಎಂದರೆ ಎಲ್ಲ ಸರಿ ಎಂದರ್ಥ. ಅವನು ಹೇಳಿದಂತೆಯೇ ಆಯಿತು. ಎಚ್ಚರಿಕೆಯ ಒಂದು ಪತ್ರ ಬಂತು, ಅಷ್ಟೇ.

ಮನೆಗೆ ಬಂದ ಮೇಲೆ ತನ್ವಿ ಆ ದಂತ ಎಲ್ಲಿಂದ ಬಂತು ಎಂದು ತಾಯಿಯನ್ನು ಕೇಳಿದಳು. ನಾನು ಹಿಂದೆ ವಂದನಾಳಿಗೆ ಏನು ಹೇಳಿದ್ದೆನೋ ಅದನ್ನೇ ಅವಳು ಮಗಳಿಗೆ ಹೇಳಿದಳು: ಸರ್ಕಾರ ದಂತದ ಕೆಲಸ ನಿಲ್ಲಿಸಿದ ಮೇಲೂ ನಿಮ್ಮಜ್ಜ ಕಳ್ಳದಂತ ತಂದಿಟ್ಟಿದ್ದರು, ಅರಣ್ಯ ಇಲಾಖೆಯವರು ಹಿಡಿದರು, ಹನ್ನೊಂದು ತಿಂಗಳು ಜೈಲಿನಲ್ಲಿದ್ದರು. ತನ್ವಿ ಟೀ ಮುಟ್ಟಲಿಲ್ಲ. ನನ್ನನ್ನು ನೋಡಿ, “ಐ ಟೋಲ್ಡ್ ಎವ್ರಿಒನ್ ಹಿ ವಾಸ್ ಎ ಗ್ರೇಟ್ ಮ್ಯಾನ್, ಅಪ್ಪ. ಯೂ ಲೆಟ್ ಮಿ” ಎಂದಳು.

ಮರುವಾರ ಮಹಾಲಯ ಅಮಾವಾಸ್ಯೆ. ಬೆಳಿಗ್ಗೆ ಎದ್ದು ವಡೆ ಪಾಯಸ ಮಾಡಿ, ಅಪ್ಪ ಅಮ್ಮನಿಗೆ ಎಡೆ ಇಟ್ಟು, ಆಮೇಲೆ ಸಂತೆಗೆ ಹೋದೆ. ತನ್ವಿ ನನಗಿಂತ ಮೊದಲೇ ಹೋಗಿದ್ದಳು. ಸ್ಟಾಲಿನ ಹಿಂದೆ ಫೋಟೋ ಇರಲಿಲ್ಲ. ಅವತ್ತೂ ವ್ಯಾಪಾರ ಎಂದಿನಂತೆಯೇ ನಡೆಯಿತು. ಫೋಟೋದಲ್ಲಿದ್ದವರು ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಹೇಳಿದಳು, ಅತ್ತೆಗೆ ಫೋನ್ ಮಾಡಿದ್ದೆ ಎಂದು. ನೀನು ಅವಳಿಗೆ ಹೇಳಿದ್ದನ್ನೆಲ್ಲ ನನಗೆ ಒಪ್ಪಿಸಿದಳು. ಪೇಪರಿನಲ್ಲಿ ಅಪ್ಪನ ಹೆಸರು ಬಂದದ್ದು, ಹೆಡ್‌ಮಾಸ್ಟರಾಗಿದ್ದ ನಿಮ್ಮ ಮಾವ ಊರಿನಲ್ಲಿ ತಲೆ ತಗ್ಗಿಸಬೇಕಾಗಿ ಬಂದದ್ದು, ಗೊತ್ತಾಗಿದ್ದ ನಾದಿನಿಯ ಸಂಬಂಧ ಮುರಿದುಬಿದ್ದದ್ದು. ಬಿಡುಗಡೆಯಾದ ಮೇಲೆ ಅಪ್ಪ ಒಂದು ಸಲ ನಿಮ್ಮ ಮನೆಗೆ ಬಂದರಂತೆ. ಮಾವ ನೀನು ಊರಿನಲ್ಲಿಲ್ಲ ಎಂದರಂತೆ. ನೀನು ಅಡುಗೆಮನೆಯಲ್ಲೇ ಇದ್ದೆಯಂತೆ, ಅಪ್ಪ ನೀರು ಕೇಳಿ ಕುಡಿದದ್ದೂ ಕೇಳಿಸಿತಂತೆ. ಆದರೂ ನೀನು ಹೊರಗೆ ಬರಲಿಲ್ಲವಂತೆ. ಅದಕ್ಕೆ ಈಗ ಬೇಜಾರಾಗುತ್ತದೆಯೇ ಎಂದು ಇವಳು ಕೇಳಿದಳಂತೆ. ಇಲ್ಲ ಎಂದೆಯಂತೆ. ಅತ್ತೆ ನೇರ ಸ್ವಭಾವದವಳು ಎಂದು ತನ್ವಿ ನಿನ್ನನ್ನು ತುಂಬ ಹೊಗಳಿದಳು. ನಾನು ಕಾರು ಓಡಿಸುತ್ತಿದ್ದೆ.

ಈಗ ಅವಳು ಇಲ್ಲಿಲ್ಲ. ಕಾರ್ಕ್ ನಗರದಲ್ಲಿ ಕೆಲಸ ಸಿಕ್ಕಿದೆ. ಅಲ್ಲೇ ಹತ್ತಿರದ ಬ್ಯಾಲಿನ್‌ಕೊಲಿಗ್‌ನಲ್ಲಿ ಗೆಳತಿ ಜೆಸ್ಸಿಕಾಳ ಜೊತೆ ಮನೆ ಹಿಡಿದಿದ್ದಾಳೆ. ಪುಟವನ್ನು ಅಲ್ಲಿಂದಲೇ ನೋಡಿಕೊಳ್ಳುತ್ತೇನೆ, ಆದರೆ ಹಂಸ ಮಾತ್ರ ಬೇಡ ಎಂದಿದ್ದಾಳೆ. ನಾನು ಅದನ್ನು ಕೆತ್ತುವುದು ನಿಲ್ಲಿಸಿದ್ದೇನೆ. ಸಂತೆಗೆ ವಂದನಾ ಜೊತೆಗೆ ಬರುತ್ತಾಳೆ. ಮಗಳಷ್ಟು ಮಾತಾಡಿ ಮಾರಲು ಅವಳಿಗೆ ಬರುವುದಿಲ್ಲ, ನನಗೂ ಬರುವುದಿಲ್ಲ.

ಫೋಟೋ ಯಾಕೆ ಹಾಕಿದ್ದೆ ಎಂಬುದಕ್ಕೆ ಇಷ್ಟು ಹೇಳಬಲ್ಲೆ: ಉಳಿ ಹಿಡಿಯಲು ಕಲಿಸಿದವರು ಅವರು. ಇಲ್ಲಿ ನನ್ನ ಊಟ ಅದರಿಂದಲೇ ನಡೆಯುತ್ತಿದೆ.

ಮುಂದಿನ ವಾರ ದೀಪಾವಳಿ. ಮೈ ಜೋಪಾನ, ಎಣ್ಣೆನೀರು ಹಾಕಿಕೊಂಡು ಬಚ್ಚಲಿನಲ್ಲಿ ಜಾರೀಯೆ. ಆದರ್ಶನ ಮಗಳಿಗೆ ಒಂದು ಜೊತೆ ಓಲೆ ಕಳಿಸುತ್ತಿದ್ದೇನೆ, ಬೀಜದ್ದು. ಮಗುವಿಗೆ ನನ್ನ ಆಶೀರ್ವಾದ, ಒಳ್ಳೆಯ ವಿದ್ಯೆ ಬರಲಿ ಎಂದು ಹೇಳು. ಬಾವನವರಿಗೆ ನಮಸ್ಕಾರ. ನನಗೂ ವಂದನಾಳಿಗೂ ನಿನ್ನ ಆಶೀರ್ವಾದವಿರಲಿ.

ನಿನ್ನ ತಮ್ಮ,
ಸತ್ಯಪ್ರಕಾಶ

ತಾ.ಕ.: ಇಲ್ಲಿಯವರೆಗೆ ಬರೆದು ಎರಡು ದಿನ ಮೇಜಿನ ಮೇಲೆ ಇಟ್ಟಿದ್ದೆ. ಈ ಭಾಗವನ್ನು ನೀನೇ ಓದಿಕೋ, ಆದರ್ಶನಿಂದ ಓದಿಸಬೇಡ.

ಆ ಹಂಸ ಕೆತ್ತಿದ್ದು ಅಪ್ಪ ಅಲ್ಲ, ನಾನು. ಆ ದಂತ ಮನೆಗೆ ತಂದವನೂ ನಾನೇ. ಇದ್ದ ದಂತವನ್ನೆಲ್ಲ ಅಪ್ಪ ಸರ್ಕಾರಕ್ಕೆ ಒಪ್ಪಿಸಿ ಮೂಳೆ ಕೆತ್ತಲು ಕುಳಿತಿದ್ದರು. ನನಗೆ ಇಪ್ಪತ್ತನಾಲ್ಕು ವಯಸ್ಸು, ಮೂಳೆ ಮುಟ್ಟುವುದು ಅವಮಾನ ಎನ್ನಿಸಿತ್ತು. ಕೊಳ್ಳೇಗಾಲದ ಕಡೆಯ ಒಬ್ಬನಿಂದ ಮೊಳದುದ್ದದ ತುಂಡು ತಂದು ಅಟ್ಟದ ಮೇಲೆ ಬಚ್ಚಿಟ್ಟು, ಅಪ್ಪ ಇಲ್ಲದಾಗ ಕೆತ್ತುತ್ತಿದ್ದೆ. ಇಲಾಖೆಯವರು ಬಂದ ದಿನ ನಾನು ಹಂಸವನ್ನು ಜೇಬಿನಲ್ಲಿಟ್ಟುಕೊಂಡು ಪೇಟೆಗೆ ಹೋಗಿದ್ದೆ. ಬರುವ ಹೊತ್ತಿಗೆ ಅಪ್ಪ ಜೀಪಿನಲ್ಲಿ ಕೂತಿದ್ದರು. ದಂತ ತಮ್ಮದೇ ಎಂದು ಒಪ್ಪಿಕೊಂಡಾಗಿತ್ತು. ನನ್ನನ್ನು ನೋಡಿ, “ಸತ್ಯ, ಬಾಗ್ಲು ಹಾಕ್ಕೊಂಡು ಒಳಗಿರು” ಎಂದರು. ನಾನು ಜೀಪಿನ ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು ಹೇಳಬಹುದಾಗಿತ್ತು. ಹೇಳಲಿಲ್ಲ.

ಜೈಲಿಗೆ ನೋಡಲು ಹೋದಾಗ ಅಪ್ಪ ಹೇಳಿದ್ದರು: “ಕೇಸು ಮುಗೀಲಿ. ಆಮೇಲೆ ನೀನೇ ತುಮಕೂರಿಗೆ ಹೋಗಿ ಸಾವಿತ್ರಿಗೆ ನಿಜ ಹೇಳ್ಬಿಡು. ಬೇರೆ ಯಾರು ಏನಂದ್ಕೊಂಡ್ರೂ ಚಿಂತೆಯಿಲ್ಲ, ಅವ್ಳಿಗೊಬ್ಳಿಗೆ ಗೊತ್ತಿದ್ರೆ ಸಾಕು.” ಕೇಸು ಮುಗಿಯಿತು. ನಾನು ಎರಡು ಸಲ ತುಮಕೂರಿನ ಬಸ್ ಸ್ಟ್ಯಾಂಡಿನವರೆಗೆ ಬಂದು ವಾಪಸು ಹೋದೆ. ಬಿಡುಗಡೆಯಾಗಿ ಬಂದ ದಿನ ಅಪ್ಪ, “ಅವ್ಳಿಗೆ ಹೇಳ್ದೇನೋ?” ಎಂದು ಕೇಳಿದರು. ಹೇಳಿದೆ ಎಂದೆ. ಏನಂದಳು ಎಂದರು. ಏನೂ ಅನ್ನಲಿಲ್ಲ ಎಂದೆ.

ಅದಾದ ಮರುವಾರವೇ ಅವರು ನಿನ್ನ ಮನೆಗೆ ಬಂದದ್ದು.

ತನ್ವಿ ಈ ಶನಿವಾರ ಬರುತ್ತಾಳೆ, ಅವಳಿಗೂ ಹೇಳುತ್ತೇನೆ. ನಿನಗೆ ಮೊದಲು ಹೇಳಬೇಕಿತ್ತು. ನೀನು ತಪ್ಪು ಮಾಡಿಲ್ಲ ಅಕ್ಕ, ನಿನಗೆ ಗೊತ್ತಿದ್ದುದಕ್ಕೆ ತಕ್ಕ ಹಾಗೆ ನಡೆದುಕೊಂಡೆ. ಆದರೆ ಅಪ್ಪ ಸಾಯುವ ತನಕ ನಿನಗೆ ಎಲ್ಲ ಗೊತ್ತಿದೆ ಎಂದೇ ನಂಬಿದ್ದರು. ತುಮಕೂರಿನಿಂದ ಬಂದ ಸಂಜೆ ಕಾಲು ತೊಳೆದುಕೊಂಡು ಜಗುಲಿಯಲ್ಲಿ ಕೂತು ಹೇಳಿದರು: “ಅವ್ಳು ಒಳಗೇ ಇದ್ಲು, ಬಳೆ ಸದ್ದು ಕೇಳಿಸ್ತು. ನಿಜ ಗೊತ್ತಿದ್ದೂ ಈಚೆಗೆ ಬರ್ಲಿಲ್ಲ ಅಂದ್ರೆ, ಆ ಮನೇಲಿ ಅವ್ಳಿಗೆ ಏನು ಕಷ್ಟ ಇದೆಯೋ. ಇನ್ಮೇಲೆ ನಾವು ಹೋಗಿ ತೊಂದ್ರೆ ಕೊಡೋದು ಬೇಡ.” ಆಮೇಲೆ ನಾಲ್ಕು ವರ್ಷ ಬದುಕಿದ್ದರು. ನಿನ್ನನ್ನು ನೋಡಲು ಮತ್ತೆ ಹೊರಡಲಿಲ್ಲ.